ಕರುಳಿನ ಮಿತ್ರರನ್ನು ಅರಸಿದ ಮೆಚ್ನಿಕಾಫ್

ಸೂಕ್ಷ್ಮಜೀವಿ ಎಂದೊಡನೆ ರೋಗದ ನೆನಪಾಗುವುದು ಸಹಜ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕ್ಷಯ, ಕಾಲರಾಗಳಿಗೆ ಕಾರಣವಾದ ಸೂಕ್ಷ್ಮಜೀವಿಗಳು ಒಂದೊಂದಾಗಿ ಪತ್ತೆಯಾದಂತೆ ಜನರ ಭಯವೂ ಹೆಚ್ಚಿತು. ಅಂಥ ಕಾಲದಲ್ಲಿ, ಇವುಗಳಲ್ಲಿ ಮನುಷ್ಯನ ಮಿತ್ರರೂ ಇದ್ದಾರೆಂದು ನಂಬಿದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್.

ಅವರು 1845ರಲ್ಲಿ, ಅಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಇಂದಿನ ಉಕ್ರೇನಿನ ಖಾರ್ಕಿವ್ ನಗರದ ಸಮೀಪದ ಹಳ್ಳಿಯೊಂದರಲ್ಲಿ ಜನಿಸಿದರು. ವಿಶ್ವವಿದ್ಯಾನಿಲಯದ ನಾಲ್ಕು ವರ್ಷಗಳ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಮುಗಿಸಿದ ಮೇಧಾವಿ ಅವರು. ಆದರೆ ಬದುಕು ಅವರನ್ನು ಕಠಿಣವಾಗಿ ಪರೀಕ್ಷಿಸಿತು. ಮೊದಲ ಪತ್ನಿ ಲುಡ್ಮಿಲಾ 1873ರಲ್ಲಿ ಕ್ಷಯಕ್ಕೆ ಬಲಿಯಾದರು. ದುಃಖದಿಂದ ಕುಗ್ಗಿದ್ದ ಮೆಚ್ನಿಕಾಫರಿಗೆ ಸಂಶೋಧನೆಯೇ ಆಸರೆಯಾಯಿತು.

1882ರಲ್ಲಿ ಇಟಲಿಯ ಮೆಸ್ಸೀನಾ ಎಂಬ ಕಡಲತೀರದ ಊರಿನಲ್ಲಿ ಅವರು ನಕ್ಷತ್ರಮೀನಿನ ಪಾರದರ್ಶಕ ಮರಿಗಳ ದೇಹಕ್ಕೆ ಗುಲಾಬಿಯ ಮುಳ್ಳನ್ನು ಚುಚ್ಚಿದರು. ಮರುದಿನ ಬೆಳಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಚಲಿಸುವ ಜೀವಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ನಮ್ಮ ರಕ್ತದ ಬಿಳಿಯ ಕಣಗಳೂ ಹೀಗೆಯೇ ರೋಗಾಣುಗಳನ್ನು ನುಂಗಿ ದೇಹವನ್ನು ಕಾಯುತ್ತವೆಂದು ಅವರು ಪ್ರತಿಪಾದಿಸಿದರು. ಇದಕ್ಕಾಗಿಯೇ 1908ರಲ್ಲಿ ಪಾಲ್ ಎರ್ಲಿಕ್‌ರೊಡನೆ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

1888ರಿಂದ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆ ಅವರ ಕರ್ಮಭೂಮಿಯಾಯಿತು. ಅಲ್ಲಿ ಮುಪ್ಪಿನ ರಹಸ್ಯ ಅವರನ್ನು ಕಾಡತೊಡಗಿತು. ದೊಡ್ಡ ಕರುಳಿನಲ್ಲಿ ಆಹಾರವನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ವಿಷವನ್ನುಂಟುಮಾಡಿ ಮುಪ್ಪನ್ನು ಬೇಗ ತರುತ್ತವೆಂದು ಅವರು ಭಾವಿಸಿದರು. ಹಾಗಾದರೆ ಆ ಕೊಳೆತವನ್ನು ತಡೆಯುವುದು ಹೇಗೆ? ಹೆಪ್ಪು ಹಾಕಿದ ಹಾಲಿನಲ್ಲಿ ಬ್ಯಾಕ್ಟೀರಿಯಗಳು ಹಾಲಿನ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಹುಳಿಯಲ್ಲಿ ಕೊಳೆಯಿಸುವ ಜೀವಿಗಳು ಬೆಳೆಯಲಾರವು. ನಮ್ಮ ಮನೆಗಳಲ್ಲಿ ಹಾಲು ಮೊಸರಾಗುವಾಗ ನಡೆಯುವುದೂ ಇದೇ. ಮೊಸರುಣ್ಣುವ ಬಲ್ಗೇರಿಯದ ರೈತರು ದೀರ್ಘಕಾಲ ಬಾಳುತ್ತಾರೆಂಬ ವರದಿಗಳೂ ಅವರ ಕಿವಿಗೆ ಬಿದ್ದಿದ್ದವು. 1905ರಲ್ಲಿ ಸ್ಟಾಮೆನ್ ಗ್ರಿಗೊರೊವ್ ಎಂಬ ತರುಣ ವೈದ್ಯರು ಆ ಮೊಸರಿನ ಬ್ಯಾಕ್ಟೀರಿಯವನ್ನು ಗುರುತಿಸಿದರು. ಮೆಚ್ನಿಕಾಫರು ತಾವೇ ಹುಳಿಹಾಲನ್ನು ನಿತ್ಯ ಸೇವಿಸತೊಡಗಿ, 1907ರಲ್ಲಿ ದೀರ್ಘಾಯುಷ್ಯವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಯುರೋಪಿನಲ್ಲೆಲ್ಲ ಮೊಸರಿನ ಕೀರ್ತಿ ಹರಡಿತು.

1916ರಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಹೃದ್ರೋಗದಿಂದ ಅವರು ನಿಧನರಾದರು. ಬಲ್ಗೇರಿಯದ ಆ ಬ್ಯಾಕ್ಟೀರಿಯ ಮನುಷ್ಯನ ಕರುಳಿನಲ್ಲಿ ನೆಲೆಯೂರುವುದಿಲ್ಲವೆಂದು ಮುಂದಿನ ಸಂಶೋಧನೆಗಳು ತೋರಿಸಿದವು. ದೊಡ್ಡ ಕರುಳಿನ ಜೀವಿಗಳೆಲ್ಲ ಶತ್ರುಗಳಲ್ಲ. ಅವುಗಳಲ್ಲಿ ಅನೇಕವು ನಾರಿನ ಅಂಶವನ್ನು ಒಡೆದು ಕರುಳಿಗೆ ಪೋಷಣೆ ನೀಡುತ್ತವೆ ಎಂಬುದೂ ತಿಳಿಯಿತು. ಮೊಸರು ಮುಪ್ಪಿಗೆ ಮದ್ದಲ್ಲ.

ಆದರೂ ಅವರ ಶ್ರಮ ವ್ಯರ್ಥವಾಗಲಿಲ್ಲ. ಹಾಲಿನ ಸಕ್ಕರೆ ಜೀರ್ಣವಾಗದವರಿಗೆ ಮೊಸರಿನ ಜೀವಂತ ಬ್ಯಾಕ್ಟೀರಿಯಗಳು ನೆರವಾಗುತ್ತವೆಂಬುದು ಇಂದು ಸಿದ್ಧಪಟ್ಟಿದೆ. 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರು ಹತ್ತು ವಾರ ಮೊಸರಿನಂಥ ಹುದುಗಿಸಿದ ಆಹಾರಗಳನ್ನು ಹೆಚ್ಚಾಗಿ ಸೇವಿಸಿದರು. ಅವರ ಕರುಳಿನಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿ, ರಕ್ತದಲ್ಲಿ ಉರಿಯೂತದ ಸೂಚನೆಗಳು ಕಡಿಮೆಯಾದವು. ಅಧ್ಯಯನ ಚಿಕ್ಕದು; ಇನ್ನೂ ಅರಿಯಬೇಕಾದುದು ಬಹಳ.

ಮೆಚ್ನಿಕಾಫರು ಕಂಡುಕೊಂಡ ಉತ್ತರದಲ್ಲಿ ದೋಷಗಳಿದ್ದವು. ಆದರೆ ಕರುಳಿನ ಕಾಣದ ಜೀವಿಗಳಿಗೂ ನಮ್ಮ ಆರೋಗ್ಯಕ್ಕೂ ಇರುವ ಸಂಬಂಧವೇನೆಂದು ಅವರು ಎತ್ತಿದ ಪ್ರಶ್ನೆಯನ್ನು ವಿಜ್ಞಾನಿಗಳು ಇಂದಿಗೂ ಕೈಬಿಟ್ಟಿಲ್ಲ.