ಡುಕ್ಸ್ ಕೋಟೆಯ ಒಂಟಿ ಮುದುಕ: ಕ್ಯಾಸನೋವಾ ಬರೆಯದೆ ಬಿಟ್ಟ ಅಧ್ಯಾಯ

ವ್ಯಕ್ತಿಯೊಬ್ಬನ ಹೆಸರು ವಿಶೇಷಣವಾಗಿ ಬಳಕೆಗೆ ಬಂದರೆ, ಆ ಹೆಸರಿನ ಹಿಂದಿದ್ದ ಮನುಷ್ಯ ಮರೆಯಾಗುತ್ತಾನೆ. ಕ್ಯಾಸನೋವಾಗೆ ಆಗಿರುವುದು ಇದೇ. ಸ್ತ್ರೀಲೋಲನನ್ನು ಬಣ್ಣಿಸಲು ಜಗತ್ತಿನ ಹಲವು ಭಾಷೆಗಳು ಈ ಒಂದು ಹೆಸರನ್ನೇ ನೆಚ್ಚಿಕೊಂಡಿವೆ. ನಮ್ಮ ಸಿನಿಮಾ ಪುಟಗಳಿಗೂ ಅದು ಅಪರಿಚಿತವಲ್ಲ. ಆದರೆ ಆ ಹೆಸರಿನ ಮನುಷ್ಯ ತನ್ನ ಕೊನೆಯ 13 ವರ್ಷಗಳನ್ನು ಕಳೆದದ್ದು ಬೊಹೀಮಿಯಾದ ಒಂದು ಕೋಟೆಯ ಗ್ರಂಥಾಲಯದಲ್ಲಿ. ಸೇವಕರ ಗೇಲಿಗೆ ಗುರಿಯಾದ ಒಂಟಿ ಗ್ರಂಥಪಾಲಕನಾಗಿ.

ಈ ಒಂಟಿತನವನ್ನು ತೆರೆಯ ಮೇಲೆ ತಂದವರು ಇಟಲಿಯ ನಿರ್ದೇಶಕ ಫೆಡೆರಿಕೊ ಫೆಲಿನಿ. 1976ರಲ್ಲಿ ತೆರೆ ಕಂಡ ಅವರ ಕ್ಯಾಸನೋವಾ ಚಿತ್ರ ಶೃಂಗಾರವನ್ನು ನಿರೀಕ್ಷಿಸಿ ಬಂದವರನ್ನು ನಿರಾಶೆಗೊಳಿಸಿತು. ಅಲ್ಲಿ ಅವರಿಗೆ ಕಂಡದ್ದು ಬಯಕೆಯ ಯಂತ್ರವಾಗಿಹೋದ ಒಬ್ಬ ಮನುಷ್ಯ. ಆ ಚಿತ್ರಣ ಎಷ್ಟು ನ್ಯಾಯವಾದುದು ಎಂಬುದನ್ನು ಅರಿಯಲು ಆತನ ಬದುಕಿನತ್ತ ತಿರುಗಬೇಕಾಗುತ್ತದೆ.

ನಟಿಯ ಮಗ

ಜಾಕೊಮೊ ಕ್ಯಾಸನೋವಾ ಹುಟ್ಟಿದ್ದು 1725ರ ಏಪ್ರಿಲ್ 2ರಂದು, ವೆನಿಸ್ ನಗರದಲ್ಲಿ. ತಂದೆ ಗಯೆಟಾನೊ, ತಾಯಿ ಜಾನೆಟ್ಟಾ ಇಬ್ಬರೂ ರಂಗನಟರು. ತಂದೆ ಬೇಗನೆ ತೀರಿಕೊಂಡ. ತಾಯಿ ನಾಟಕಗಳ ಬೆನ್ನು ಹತ್ತಿ ಊರೂರು ಸುತ್ತಿದಳು. ಸದಾ ಮೂಗಿನಲ್ಲಿ ರಕ್ತ ಸೋರುತ್ತಿದ್ದ, ಮಾತು ಕಡಿಮೆಯಿದ್ದ ಈ ರೋಗಿಷ್ಠ ಹುಡುಗನನ್ನು ಸಲಹಿದವಳು ಅಜ್ಜಿ. ಎಂಟನೆಯ ವಯಸ್ಸಿನಲ್ಲಿ ಆಕೆ ಅವನನ್ನು ದೋಣಿಯಲ್ಲಿ ಮುರಾನೊ ದ್ವೀಪಕ್ಕೆ ಕರೆದೊಯ್ದು ಮಾಟಗಾತಿಯೊಬ್ಬಳಿಂದ ಚಿಕಿತ್ಸೆ ಮಾಡಿಸಿದಳು. ಆತನ ನೆನಪುಗಳು ಆರಂಭವಾಗುವುದೇ ಆ ಪ್ರಸಂಗದಿಂದ. ಒಂಬತ್ತು ವರ್ಷ ತುಂಬಿದಾಗ ಮನೆಯವರು ಅವನನ್ನು ಪಡುವಾ ನಗರದ ವಸತಿಗೃಹವೊಂದರಲ್ಲಿ ಬಿಟ್ಟು ಬಂದರು. ತನ್ನನ್ನು ದೂರ ಮಾಡಿದರೆಂಬ ಆ ನೋವು ಆತನ ಬರಹದಲ್ಲಿ ವೃದ್ಧಾಪ್ಯದವರೆಗೂ ಮಾಸಲಿಲ್ಲ.

ಪಡುವಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದ ಕ್ಯಾಸನೋವಾ ಚರ್ಚಿನ ಸೇವೆಗೆ ಸೇರಿದ, ರೋಮ್‌ನಲ್ಲಿ ಕಾರ್ಡಿನಲ್ ಅಕ್ವಾವಿವಾ ಅವರ ಕಚೇರಿಯಲ್ಲಿ ದುಡಿದ, ಸೈನಿಕನ ಸಮವಸ್ತ್ರ ತೊಟ್ಟ. ಯಾವುದೂ ಕೈಹಿಡಿಯದೆ ಕೊನೆಗೆ ವೆನಿಸ್‌ನ ರಂಗಮಂದಿರವೊಂದರಲ್ಲಿ ಪಿಟೀಲು ನುಡಿಸುವ ಕೆಲಸಕ್ಕೆ ನಿಂತ.

ಅದೃಷ್ಟ ತೆರೆದದ್ದು 1746ರಲ್ಲಿ. ಮದುವೆ ಸಮಾರಂಭವೊಂದರಲ್ಲಿ ಪಿಟೀಲು ನುಡಿಸಿ ಮರಳುವಾಗ, ಸೆನೆಟ್ ಸದಸ್ಯ ಮತ್ತೆಯೊ ಬ್ರಗಡಿನ್ ದೋಣಿಯಲ್ಲೇ ಅಸ್ವಸ್ಥರಾದರು. ವೈದ್ಯ ಎದೆಗೆ ಹಚ್ಚಿದ್ದ ಪಾದರಸದ ಲೇಪವನ್ನು ಕ್ಯಾಸನೋವಾ ಧೈರ್ಯ ಮಾಡಿ ತೆಗೆದುಹಾಕಿದ, ರೋಗಿ ಬದುಕುಳಿದರು. ಕೃತಜ್ಞರಾದ ಬ್ರಗಡಿನ್ ಆತನನ್ನು ಮಗನಂತೆ ಕಂಡರು. ಅಂದಿನಿಂದ ರೇಷ್ಮೆಯ ಉಡುಪು, ಜೂಜಿನ ಮೇಜು, ಪ್ರಣಯ ಪ್ರಸಂಗಗಳು ಆತನ ದಿನಚರಿಯಾದವು.

ಗಾಜಿನ ಮೇಲಿನ ಗೀರು

1749ರಲ್ಲಿ ಆತನಿಗೆ ಹೆನ್ರಿಯೆಟ್ ಎಂಬ ಫ್ರೆಂಚ್ ಮಹಿಳೆಯ ಪರಿಚಯವಾಯಿತು. ಮನೆಯಿಂದ ತಪ್ಪಿಸಿಕೊಂಡು ಪುರುಷ ವೇಷದಲ್ಲಿ ಸಂಚರಿಸುತ್ತಿದ್ದ ಆಕೆ ಸುಶಿಕ್ಷಿತೆ, ಸೆಲ್ಲೊ ವಾದನದಲ್ಲಿ ನಿಪುಣೆ. ಪಾರ್ಮಾದಲ್ಲಿ ಇಬ್ಬರೂ ಕೆಲವು ತಿಂಗಳು ಒಟ್ಟಿಗಿದ್ದರು. ಬಳಿಕ ಆಕೆ ತನ್ನ ಕುಟುಂಬಕ್ಕೆ ಮರಳಲೇಬೇಕಾಯಿತು. ಜಿನೀವಾದ ವಸತಿಗೃಹದಲ್ಲಿ ಬೀಳ್ಕೊಳ್ಳುವಾಗ, ಈತ ತನ್ನನ್ನೂ ಮರೆಯುವನೆಂಬ ಅರ್ಥದ ಸಾಲನ್ನು ಆಕೆ ಉಂಗುರದ ವಜ್ರದಿಂದ ಕಿಟಕಿಯ ಗಾಜಿನ ಮೇಲೆ ಗೀರಿ ಹೋದಳು. ಅನೇಕ ವರ್ಷಗಳ ನಂತರ ಅದೇ ಕೋಣೆಗೆ ಬಂದ ಕ್ಯಾಸನೋವಾ ಆ ಗೀರನ್ನು ಮತ್ತೆ ಕಂಡ.

ಆತ ತನ್ನ ಆತ್ಮಕಥೆಯಲ್ಲಿ ನೂರಕ್ಕೂ ಹೆಚ್ಚು ಹೆಂಗಸರ ಒಡನಾಟವನ್ನು ದಾಖಲಿಸಿದ್ದಾನೆ. ಅವುಗಳಲ್ಲಿ ಕೆಲವು ನಿಜವಾದ ಸ್ನೇಹ. ಹಲವು ಕೇವಲ ಬೇಟೆ. ಇಂದಿನ ಕಾನೂನಿನ ಕಣ್ಣಿಗೆ ಘೋರ ಅಪರಾಧವಾಗುವಂಥವೂ ಅವುಗಳಲ್ಲಿ ಇವೆ. ಪ್ಯಾರಿಸ್‌ನ ಮಾರ್ಕ್ವಿಸ್ ದುರ್ಫೆ ಎಂಬ ಶ್ರೀಮಂತ ವೃದ್ಧೆಯನ್ನು ಮಂತ್ರವಿದ್ಯೆಯ ಹೆಸರಿನಲ್ಲಿ ಆತ ವರ್ಷಗಟ್ಟಲೆ ಸುಲಿಗೆ ಮಾಡಿದ್ದೂ ಉಂಟು. ಆತನನ್ನು ನಿಷ್ಕಪಟ ಪ್ರೇಮಿಯೆಂದು ವೈಭವೀಕರಿಸುವವರು ಈ ಪುಟಗಳನ್ನು ಮರೆಯಬಾರದು.

ಸೀಸದ ಛಾವಣಿಯಿಂದ ಪಲಾಯನ

1755ರ ಜುಲೈನಲ್ಲಿ ವೆನಿಸ್‌ನ ಆಡಳಿತ ಕ್ಯಾಸನೋವಾನನ್ನು ಬಂಧಿಸಿತು. ಧರ್ಮನಿಂದನೆಯ ಆರೋಪ, ವಿಚಾರಣೆಯಿಲ್ಲದ ಐದು ವರ್ಷಗಳ ಶಿಕ್ಷೆ. ಆತನನ್ನು ಇರಿಸಿದ್ದು ಡೋಜ್ ಅರಮನೆಯ ಸೀಸದ ಛಾವಣಿಯ ಕೆಳಗಿನ ಕೋಣೆಯಲ್ಲಿ. ಬೇಸಿಗೆಯಲ್ಲಿ ಕಾದು ಕುಲುಮೆಯಾಗುತ್ತಿದ್ದ ಆ ಕೋಣೆಯಲ್ಲಿ, ಸಿಕ್ಕಿದ ಕಬ್ಬಿಣದ ತುಂಡೊಂದನ್ನು ಮಸೆದು ಆತ ನೆಲವನ್ನು ಕೊರೆಯತೊಡಗಿದ. ಕಿಂಡಿ ಸಿದ್ಧವಾಗುವ ಹೊತ್ತಿಗೆ ಕಾವಲುಗಾರರು ಆತನನ್ನು ಬೇರೆ ಕೋಣೆಗೆ ಸ್ಥಳಾಂತರಿಸಿದರು!

ಆದರೂ ಎದೆಗುಂದಲಿಲ್ಲ. ಆ ಕಬ್ಬಿಣವನ್ನು ದೊಡ್ಡ ಬೈಬಲ್ಲಿನಲ್ಲಿ ಅಡಗಿಸಿ, ಮೇಲೆ ತಿನಿಸು ತುಂಬಿದ ತಟ್ಟೆಯನ್ನಿಟ್ಟು, ಕಾವಲುಗಾರನ ಕೈಯಿಂದಲೇ ಇನ್ನೊಬ್ಬ ಸೆರೆಯಾಳು ಪಾದ್ರಿ ಬಾಲ್ಬಿಗೆ ತಲುಪಿಸಿದ. 1756ರ ಅಕ್ಟೋಬರ್ 31ರ ರಾತ್ರಿ ಇಬ್ಬರೂ ಛಾವಣಿ ಏರಿದರು. ಕಿಟಕಿಯೊಂದರ ಮೂಲಕ ಮತ್ತೆ ಅರಮನೆಯೊಳಗಿಳಿದು, ಮರುದಿನ ಮುಂಜಾನೆ ಮುಖ್ಯದ್ವಾರದಿಂದಲೇ ಹೊರನಡೆದು ದೋಣಿ ಹತ್ತಿದರು. ಯುರೋಪಿನ ಸಿರಿವಂತರ ಭೋಜನಕೂಟಗಳಲ್ಲಿ ಈ ಕಥೆಯನ್ನು ಹೇಳುವುದೇ ಮುಂದೆ ಆತನ ಬಂಡವಾಳವಾಯಿತು.

ಪ್ಯಾರಿಸ್‌ನಲ್ಲಿ ಸರ್ಕಾರಿ ಲಾಟರಿಯ ಸ್ಥಾಪನೆಗೆ ನೆರವಾಗಿ ಹಣ ಗಳಿಸಿದ. ಗಳಿಸಿದಷ್ಟೇ ವೇಗದಲ್ಲಿ ಕಳೆದ. ತನಗೆ ತಾನೇ ಸೆಂಗಾಲ್‌ನ ಶೆವಾಲಿಯೆ ಎಂಬ ಬಿರುದು ಕೊಟ್ಟುಕೊಂಡ. ವೋಲ್ಟೇರ್ ಅವರನ್ನು ಕಂಡು ವಾದಿಸಿದ. 1766ರಲ್ಲಿ ಪೋಲೆಂಡಿನ ಕೌಂಟ್ ಬ್ರಾನಿಟ್ಸ್ಕಿಯೊಡನೆ ಪಿಸ್ತೂಲಿನ ದ್ವಂದ್ವಯುದ್ಧ ನಡೆಸಿ ಕೈಗೆ ಗಾಯ ಮಾಡಿಕೊಂಡ.

ಆದರೆ ಇಳಿಗಾಲ ಅದಕ್ಕೂ ಮೊದಲೇ ಆರಂಭವಾಗಿತ್ತು. 1763ರಲ್ಲಿ ಲಂಡನ್ನಿನಲ್ಲಿ ಮರಿಯಾನ್ ಶಾರ್ಪಿಯೋನ್ ಎಂಬ ತರುಣಿ ಆತನಿಂದ ಹಣ ಪಡೆದು, ಆಸೆ ತೋರಿಸಿ, ಕೊನೆಗೆ ನಿರಾಕರಿಸಿದಳು. ಆಗ ಆತನಿಗೆ 38 ವರ್ಷ. ಜೇಬಿನ ತುಂಬ ಸೀಸದ ಗುಂಡು ತುಂಬಿಕೊಂಡು ಥೇಮ್ಸ್ ನದಿಗೆ ಹಾರಲು ಹೊರಟವನನ್ನು ದಾರಿಯಲ್ಲಿ ಸಿಕ್ಕ ಗೆಳೆಯನೊಬ್ಬ ತಡೆದ. ತನ್ನ ಸಾವು ಆರಂಭವಾದದ್ದೇ ಆ ದಿನ ಎಂದು ಕ್ಯಾಸನೋವಾ ಮುಂದೆ ಬರೆದುಕೊಂಡ.

ಕೋಟೆಯೊಳಗಿನ ವೃದ್ಧ

1774ರಲ್ಲಿ ಕ್ಷಮಾದಾನ ಪಡೆದು ಆತ ವೆನಿಸ್‌ಗೆ ಮರಳಿದ. ತನ್ನನ್ನು ಸೆರೆಗೆ ತಳ್ಳಿದ್ದ ಅಧಿಕಾರಿಗಳಿಗೇ ಗುಪ್ತಚರನಾಗಿ ವರದಿ ಬರೆದುಕೊಟ್ಟ. 1783ರಲ್ಲಿ, ಗಣ್ಯರನ್ನು ಅಣಕಿಸಿ ಬರೆದ ಕೃತಿಯಿಂದಾಗಿ ಮತ್ತೆ ಊರು ಬಿಡಬೇಕಾಯಿತು. ಕೈ ಬರಿದಾಗಿದ್ದ ಅವನನ್ನು 1785ರಲ್ಲಿ ಕೌಂಟ್ ವಾಲ್ಡ್‌ಸ್ಟೈನ್ ಬೊಹೀಮಿಯಾದ ಡುಕ್ಸ್‌ನಲ್ಲಿದ್ದ ತಮ್ಮ ಕೋಟೆಗೆ ಕರೆದೊಯ್ದು ಗ್ರಂಥಪಾಲಕನ ಕೆಲಸ ಕೊಟ್ಟರು. ಇಂದು ಅದು ಜೆಕ್ ಗಣರಾಜ್ಯದ ದುಖ್‌ಟ್ಸೋವ್.

ಕೌಂಟ್ ಹೆಚ್ಚಾಗಿ ಊರಲ್ಲಿರುತ್ತಿರಲಿಲ್ಲ. ಸ್ಥಳೀಯ ಭಾಷೆ ಬಾರದ, ಹಳೆಯ ಕಾಲದ ಉಡುಪು ತೊಟ್ಟು ಹಳೆಯ ಶೈಲಿಯಲ್ಲಿ ಬಾಗಿ ವಂದಿಸುತ್ತಿದ್ದ ಮುದುಕ ಸೇವಕರಿಗೆ ನಗೆಪಾಟಲಾದ. ಕಾಫಿ, ಸೂಪು, ಮೆಕರೋನಿ ಎಲ್ಲಕ್ಕೂ ಜಗಳ. ಆತನ ಪುಸ್ತಕದಿಂದ ಭಾವಚಿತ್ರವನ್ನು ಹರಿದು ಶೌಚಾಲಯದ ಗೋಡೆಗೆ ಅಂಟಿಸಿ ಅವಮಾನಿಸಿದರು. ಇಷ್ಟಾದರೂ ಹೋಗಲು ಬೇರೆ ಮನೆಯಿರಲಿಲ್ಲ.

ಉಳಿದದ್ದು ಲೇಖನಿಯೊಂದೇ. ದಿನಕ್ಕೆ 13 ಗಂಟೆ ಬರೆಯುತ್ತಿದ್ದುದಾಗಿ ಆತ ಪತ್ರವೊಂದರಲ್ಲಿ ಹೇಳಿಕೊಂಡಿದ್ದಾನೆ. ಫ್ರೆಂಚ್ ಭಾಷೆಯ ಆ ಆತ್ಮಕಥೆಯ ಹಸ್ತಪ್ರತಿ ಸುಮಾರು 3,700 ಪುಟಗಳಷ್ಟು ಬೆಳೆಯಿತು. ಹದಿನೆಂಟನೆಯ ಶತಮಾನದ ಯುರೋಪಿನ ಊಟ, ಉಡುಪು, ಪ್ರಯಾಣ, ಜೂಜು, ರೋಗ, ರಾಜಕಾರಣಗಳನ್ನು ಅಷ್ಟು ವಿವರವಾಗಿ ಕಟ್ಟಿಕೊಡುವ ಕೃತಿಗಳು ವಿರಳ. ಆದರೆ ಅದು 1774ಕ್ಕೇ ನಿಂತುಹೋಗುತ್ತದೆ; ಅಂದರೆ ಆತನ 49ನೆಯ ವಯಸ್ಸಿಗೆ. ಮುಪ್ಪಿನ ಬಗ್ಗೆ, ಡುಕ್ಸ್‌ನ ಅವಮಾನಗಳ ಬಗ್ಗೆ ಅಲ್ಲಿ ಪ್ರತ್ಯೇಕ ಅಧ್ಯಾಯವಿಲ್ಲ.

ಯಂತ್ರದ ಗೊಂಬೆ

ಬರೆಯದೆ ಬಿಟ್ಟ ಆ ಅಧ್ಯಾಯವೇ ಫೆಲಿನಿ ಚಿತ್ರದ ಜೀವಾಳ. ಕ್ಯಾಸನೋವಾ ಬಗ್ಗೆ ಅವರಿಗೆ ಪ್ರೀತಿಯಿರಲಿಲ್ಲ. ಆತ್ಮಕಥೆಯನ್ನು ಬೇಸರದಿಂದಲೇ ಓದಿದರು. ಆ ಬೇಸರವನ್ನೇ ದೃಷ್ಟಿಕೋನವನ್ನಾಗಿ ಮಾಡಿಕೊಂಡರು. ಕೆನಡಾದ ನಟ ಡೊನಾಲ್ಡ್ ಸದರ್‌ಲೆಂಡ್ ಅವರ ಮುಂದಲೆ ಬೋಳಿಸಿ, ಕೃತಕ ಮೂಗು, ಗಲ್ಲ ಅಂಟಿಸಿ ಮೇಣದ ಮುಖವೊಂದನ್ನು ರೂಪಿಸಿದರು. ರೋಮ್‌ನ ಚಿನೆಚಿತ್ತಾ ಸ್ಟುಡಿಯೊದಲ್ಲೇ ವೆನಿಸ್ ನಿರ್ಮಾಣವಾಯಿತು. ಪ್ಲಾಸ್ಟಿಕ್ ಹಾಳೆಗಳು ಸಮುದ್ರವಾದವು. ಪ್ರತಿ ಸಮಾಗಮದಲ್ಲೂ ಯಂತ್ರದ ಹಕ್ಕಿಯೊಂದು ರೆಕ್ಕೆ ಬಡಿಯುತ್ತದೆ. ನಿನೊ ರೋಟಾ ಅವರ ಸಂಗೀತ ಕೀಲಿ ಕೊಟ್ಟ ಆಟಿಕೆಯಂತೆ ನುಡಿಯುತ್ತದೆ. ವಸ್ತ್ರವಿನ್ಯಾಸಕ್ಕಾಗಿ ಡನಿಲೊ ಡೊನಾಟಿ ಆಸ್ಕರ್ ಪಡೆದರು.

ಚಿತ್ರದ ಕೊನೆಯಲ್ಲಿ ಡುಕ್ಸ್‌ನ ಮುದುಕ ಕನಸು ಕಾಣುತ್ತಾನೆ. ವೆನಿಸ್‌ನ ಕಾಲುವೆ ಹೆಪ್ಪುಗಟ್ಟಿದೆ. ತಾನು ಕೂಡಿದ್ದ ಹೆಂಗಸರು ಸುಳಿದು ಮಾಯವಾಗುತ್ತಾರೆ. ಉಳಿಯುವವಳು ಯಂತ್ರದ ಗೊಂಬೆಯೊಂದೇ. ಮಂಜಿನ ಮೇಲೆ ಇಬ್ಬರೂ ಮೆಲ್ಲನೆ ನರ್ತಿಸುತ್ತಾರೆ.

ಫೆಲಿನಿ ಕಟುವಾದರೇ? ಒಂದರ್ಥದಲ್ಲಿ ಹೌದು. ಯಂತ್ರಕ್ಕೆ ನೆನಪಿರುವುದಿಲ್ಲ, ಕ್ಯಾಸನೋವಾಗೆ ಇತ್ತು. ಮರೆಯುವನೆಂದು ಹೆನ್ರಿಯೆಟ್ ಗಾಜಿನ ಮೇಲೆ ಗೀರಿದ್ದನ್ನು ಆತ ನಾಲ್ಕು ದಶಕಗಳ ನಂತರ ಕಾಗದದ ಮೇಲೆ ಸುಳ್ಳು ಮಾಡಿದ. ಆದರೆ ಅದನ್ನು ಬರೆಯುವಾಗ ಪಕ್ಕದಲ್ಲಿ ಯಾರೂ ಇರಲಿಲ್ಲ ಎಂಬ ಸತ್ಯವನ್ನು ಕಂಡದ್ದು ಫೆಲಿನಿಯ ಕ್ಯಾಮೆರಾ.

1797ರಲ್ಲಿ ನೆಪೋಲಿಯನ್ ಎದುರು ವೆನಿಸ್ ಗಣರಾಜ್ಯ ಪತನವಾಯಿತು. ಮರುವರ್ಷ, 1798ರ ಜೂನ್ 4ರಂದು, 73ನೆಯ ವಯಸ್ಸಿನಲ್ಲಿ ಕ್ಯಾಸನೋವಾ ಡುಕ್ಸ್‌ನಲ್ಲೇ ಕಣ್ಣು ಮುಚ್ಚಿದ. ಸಮಾಧಿಯ ನಿಖರ ಜಾಗ ಇಂದು ಉಳಿದಿಲ್ಲ. ಹಸ್ತಪ್ರತಿ ಮಾತ್ರ ಎರಡನೆಯ ಮಹಾಯುದ್ಧದ ಬಾಂಬುಗಳಿಂದಲೂ ಪಾರಾಗಿ ಉಳಿಯಿತು. 2010ರಲ್ಲಿ ಫ್ರಾನ್ಸ್‌ನ ರಾಷ್ಟ್ರೀಯ ಗ್ರಂಥಾಲಯ ಅದನ್ನು ಸುಮಾರು 70 ಲಕ್ಷ ಯೂರೊ ವೆಚ್ಚದಲ್ಲಿ ತನ್ನದಾಗಿಸಿಕೊಂಡಿತು. ಊರಿಂದೂರಿಗೆ ಅಲೆದು ಎಲ್ಲೂ ನೆಲೆ ಕಾಣದವನಿಗೆ ಕೊನೆಗೂ ಒಂದು ಶಾಶ್ವತ ವಿಳಾಸ ದೊರೆಯಿತು, ಅದೂ ಗ್ರಂಥಾಲಯದಲ್ಲೇ.