ಹಾಸ್ಟೆಲ್ ಹುಡುಗರ ಜರ್ಮನ್ ಮೇಷ್ಟ್ರು

ಜೂನ್ ಬಂತೆಂದರೆ ಕುಪ್ಪಗಡ್ಡೆ ಹೋಬಳಿಯ ಹಳ್ಳಿಗಳಿಂದ ಟ್ರಂಕು, ಹಾಸಿಗೆ ಸುರುಳಿ ಹೊತ್ತ ಹುಡುಗರು ಸೊರಬದ ಬಸ್ಸು ಹತ್ತುತ್ತಾರೆ. ಒಬ್ಬ ಶಿವಮೊಗ್ಗಕ್ಕೆ, ಇನ್ನೊಬ್ಬ ಘಟ್ಟ ಇಳಿದು ಮಂಗಳೂರಿಗೆ. ಅಲ್ಲಿ ಊಟ ಹೇಗೋ, ಮೇಷ್ಟ್ರು ಹೇಗೋ ಎಂದು ಹೆತ್ತವರಿಗೆ ಚಿಂತೆ. ಹುಡುಗನ ಚಿಂತೆ ಎಲ್ಲರೂ ಮಾಡುತ್ತಾರೆ, ಸರಿಯೇ. ಆದರೆ ದೂರದೂರಿನಿಂದ ಪಾಠ ಹೇಳಲು ಬಂದ ಮೇಷ್ಟ್ರು ಹೇಗೆ ಬೇರೂರಿದರು ಅಂತ ಕೇಳುವವರು ಕಡಿಮೆ.

ಗುರುವಿದ್ದಲ್ಲೇ ಉಂಡು ಕಲಿಯುವ ಪದ್ಧತಿ ನಮ್ಮ ಸೀಮೆಗೆ ಹೊಸದೇನಲ್ಲ. ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೋಡಿಯಮಠ ಇತ್ತಲ್ಲ! ಅಲ್ಲಿ ವೇದ, ವ್ಯಾಕರಣ, ತರ್ಕ, ಕಾವ್ಯದ ಪಾಠ ನಡೆಯುತ್ತಿತ್ತು, ದಿಕ್ಕಿಲ್ಲದವರಿಗೆ ಅನ್ನ, ರೋಗಿಗಳಿಗೆ ಔಷಧಿ ಸಿಗುತ್ತಿತ್ತು ಎಂದು 1162ರ ಶಾಸನವೇ ಸಾರುತ್ತದೆ. ಅದಾದ ಸುಮಾರು ಏಳು ಶತಮಾನಕ್ಕೆ ಮಂಗಳೂರಿನಲ್ಲಿ ಬೇರೊಂದು ಬಗೆಯ ವಸತಿ ಶಾಲೆ ಹುಟ್ಟಿತು. ಅದರ ಮೇಷ್ಟ್ರು ಜರ್ಮನಿಯವರು. ಹೆಸರು ಹರ್ಮನ್ ಮೊಗ್ಲಿಂಗ್.

ಮೊಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಸಣ್ಣ ಊರಿನಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಅಲ್ಲೇ ಪಾದ್ರಿಯಾಗಿ ಹಾಯಾಗಿ ಇರಬಹುದಿತ್ತು. ಬಾಸೆಲ್ ಮಿಷನ್ ಸೇರಿ, 1836ರ ಡಿಸೆಂಬರಿನಲ್ಲಿ ಮಂಗಳೂರಿಗೆ ಬಂದಿಳಿದರು. ಆಗ ವಯಸ್ಸು ಇಪ್ಪತ್ತೈದು. ಮಿಷನ್ನಿನವರು ಆ ಊರಿಗೆ ಕಾಲಿಟ್ಟು ಎರಡೇ ವರ್ಷವಾಗಿತ್ತು.

ಬಂದ ಗಳಿಗೆಯೂ ಶಾಂತವಾಗಿರಲಿಲ್ಲ. ನಾಲ್ಕೇ ತಿಂಗಳಿಗೆ, 1837ರ ಏಪ್ರಿಲಿನಲ್ಲಿ, ಸುಳ್ಯದ ಕಡೆಯಿಂದ ರೈತರ ದಂಡು ಏರಿ ಬಂತು. ಕಂಪನಿ ಸರಕಾರವನ್ನು ಓಡಿಸಿ ಮಂಗಳೂರನ್ನೇ ಕೆಲವು ದಿನ ಹಿಡಿದುಕೊಂಡಿತು. ಕಲ್ಯಾಣಪ್ಪನ ಕಾಟಕಾಯಿ ಅಂತ ಇವತ್ತಿಗೂ ಜನ ಹೇಳುವ ದಂಗೆ ಅದು. ಬಿಳಿ ಚರ್ಮದವರ ಬಗ್ಗೆ ಊರಿನ ಮನಸ್ಸು ಹೇಗಿದ್ದಿತೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ಭಾಷೆಯ ತೊಡಕು. ಮಂಗಳೂರಿನಲ್ಲಿ ಒಂದು ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಕೊಂಕಣಿ, ಬಂದರಿನಲ್ಲಿ ಬ್ಯಾರಿ ಮಾತು. ಕಾಗದ ಪತ್ರ, ಪುರಾಣ ಓದುವುದು ಕನ್ನಡದಲ್ಲಿ. ಮೇಷ್ಟ್ರಾಗಿ ಬಂದವರು ಮೊದಲು ಅಕ್ಷರ ತಿದ್ದುವ ವಿದ್ಯಾರ್ಥಿಯಾಗಬೇಕಾಯಿತು. ಧಾರವಾಡ ಸೀಮೆಯಲ್ಲೂ ಸ್ವಲ್ಪ ಕಾಲ ಇದ್ದು, ಮೊಗ್ಲಿಂಗ್ ಕನ್ನಡ ಕಲಿತರು. ಕಲಿತದ್ದು ಅರೆಬರೆ ಅಲ್ಲ, ಗಾದೆಮಾತು ಗುರುತಿಸುವಷ್ಟು!

ಮಂಗಳೂರಿಗೆ ಮರಳಿದ ಮೇಲೆ ಮಿಷನ್ನಿನ ಹುಡುಗರ ವಸತಿ ಶಾಲೆಯ ಹೊಣೆ ಹೊತ್ತರು. ಮುಂದೆ ಅದು ಉಪದೇಶಿಗಳನ್ನು, ಮೇಷ್ಟ್ರುಗಳನ್ನು ತಯಾರು ಮಾಡುವ ಸೆಮಿನರಿಯಾಗಿ ಬೆಳೆದು, 1847ರಲ್ಲಿ ಬಲ್ಮಠದ ಗುಡ್ಡಕ್ಕೆ ಬಂತು. ಶಾಲೆಯ ಉದ್ದೇಶ ಧರ್ಮಪ್ರಚಾರ, ಅದರಲ್ಲಿ ಮುಚ್ಚುಮರೆ ಇರಲಿಲ್ಲ.

ಪಾಠ ಹೇಳುತ್ತಿದ್ದವರಿಗೆ ಒಂದು ಕೊರತೆ ಕಂಡಿತು. ಕನ್ನಡದಲ್ಲಿ ಓದಿಕೊಳ್ಳಲು ಅಚ್ಚಾದ ಪುಸ್ತಕಗಳೇ ಅಪರೂಪ. ಕಾವ್ಯವೆಲ್ಲ ತಾಳೆಗರಿಯಲ್ಲಿ, ಸುದ್ದಿಯೆಲ್ಲ ಬಾಯಿಮಾತಿನಲ್ಲಿ. ಮಿಷನ್ನಿನ ಕಲ್ಲಚ್ಚಿನ ಯಂತ್ರ 1841ರಿಂದ ಊರಲ್ಲೇ ಇತ್ತು. 1843ರ ಜುಲೈ 1ರಂದು ಮೊಗ್ಲಿಂಗ್ ಮಂಗಳೂರ ಸಮಾಚಾರ ಹೊರಡಿಸಿದರು. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು ಮಾತ್ರ. ಊರ ಸುದ್ದಿ, ಸರಕಾರದ ಕಾಯಿದೆ, ಕಥೆ, ಹಾಡು ಎಲ್ಲ ಅದರಲ್ಲಿ. ಕನ್ನಡದ ಮೊದಲ ಪತ್ರಿಕೆ ಅದೇ. ಮರುವರ್ಷ ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರ ಎಂದು ಹೆಸರು ಬದಲಿಸಿಕೊಂಡಿತು, ಬೇಗನೆ ನಿಂತೂ ಹೋಯಿತು. ಆದರೂ ಜುಲೈ 1 ಇಂದಿಗೂ ಕರ್ನಾಟಕದಲ್ಲಿ ಪತ್ರಿಕಾ ದಿನ.

ಆದರೆ ಎಲ್ಲ ಹೂವಿನ ಹಾಸಿಗೆ ಆಗಿರಲಿಲ್ಲ. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ, ಗೆಳೆಯರ ಜೊತೆ, ಕ್ರೈಸ್ತ ಧರ್ಮಕ್ಕೆ ಸೇರಿದ. ಊರೆಲ್ಲ ಗದ್ದಲವೆದ್ದಿತು. ಮನೆಯ ನಂಟು ಕಡಿಯಿತು. ಹುಡುಗನಿಗೆ ಒಮ್ಮೆಗೇ ಜಾತಿಯಿಲ್ಲ, ಬಳಗವಿಲ್ಲ. ಉಳಿದದ್ದು ಮಿಷನ್ನಿನ ಸೂರು ಒಂದೇ. ಹೆತ್ತ ಕರುಳಿಗೆ ಅದು ಸಣ್ಣ ಪೆಟ್ಟಲ್ಲ. ಮೊಗ್ಲಿಂಗರ ಕನ್ನಡ ಸೇವೆಯನ್ನು ಹೊಗಳುವಾಗ ಆ ಮನೆಗಳ ಕಣ್ಣೀರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆಮೇಲೆ ಚಕ್ರ ತಿರುಗಿತು ನೋಡಿ. 1846ರಲ್ಲಿ ಮೊಗ್ಲಿಂಗ್ ರಜೆಯ ಮೇಲೆ ಯುರೋಪಿಗೆ ಹೊರಟಾಗ ಕೌಂಡಿನ್ಯರೂ ಜೊತೆಗೆ ಹೋದರು. ಸ್ವಿಟ್ಜರ್ಲೆಂಡಿನ ಬಾಸೆಲ್ಲಿನ ಮಿಷನ್ ಶಾಲೆಗೆ ಸೇರಿದರು. ಮೇಷ್ಟ್ರು ಮಂಗಳೂರಿನ ಸೆಕೆಯಲ್ಲಿ ಪಟ್ಟ ಪಾಡನ್ನು ಶಿಷ್ಯ ಬಾಸೆಲ್ಲಿನ ಚಳಿಯಲ್ಲಿ ಪಡಬೇಕಾಯಿತು. 1851ರಲ್ಲಿ ಪಾದ್ರಿಯಾಗಿ ಹಿಂದಿರುಗಿದ ಕೌಂಡಿನ್ಯರು ಮುಂದೆ ಅದೇ ಮಂಗಳೂರಿನ ಸೆಮಿನರಿಯಲ್ಲಿ ಪಾಠ ಹೇಳಿದರು.

ಇತ್ತ ಮೊಗ್ಲಿಂಗ್ ಊರಿಗೆ ಹೋದವರು ಅಲ್ಲೇ ನಿಲ್ಲಲಿಲ್ಲ. ವಾಪಸು ಬಂದು 1848ರಿಂದ 1853ರವರೆಗೆ ದೊಡ್ಡ ಕೆಲಸಕ್ಕೆ ಕೈ ಹಾಕಿದರು. ನಿವೃತ್ತ ಅಧಿಕಾರಿ ಕಾಸಾಮೇಜರ್ ಕೊಟ್ಟ ಹಣದ ಬಲದಿಂದ ಹಳೆಯ ಕನ್ನಡ ಗ್ರಂಥಗಳನ್ನು ಒಂದೊಂದಾಗಿ ಅಚ್ಚು ಹಾಕಿಸಿದರು. ಅದೇ ಬಿಬ್ಲಿಯೊಥಿಕಾ ಕರ್ನಾಟಿಕಾ ಮಾಲೆ. ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ಪುರಂದರ-ಕನಕರ ದಾಸರ ಪದಗಳು ಅದರಲ್ಲಿ ಬಂದವು. ಅಲ್ಲಮನ ಬಳ್ಳಿಗಾವಿ, ಅಕ್ಕನ ಉಡುತಡಿ ಇರುವ ಈ ನೆಲದ ಜನಕ್ಕೆ ಶರಣರ ಕಥೆ ಹೊಸದಲ್ಲ. ಆದರೆ ಅದು ಅಚ್ಚಾಗಿ ಕೈಗೆ ಸಿಗುವಂತೆ ಮೊದಮೊದಲು ಮಾಡಿದವರಲ್ಲಿ, ಆ ಧರ್ಮವನ್ನು ಒಪ್ಪದ ಈ ಪಾದ್ರಿಯೂ ಒಬ್ಬರು! ಮತ ಬದಲಿಸಲು ಬಂದವರನ್ನು ಕನ್ನಡ ಇಷ್ಟು ಬದಲಿಸಿತ್ತು.

ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಈ ಕೆಲಸಕ್ಕಾಗಿಯೇ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ಮೊಗ್ಲಿಂಗ್ ಸ್ವದೇಶಕ್ಕೆ ಮರಳಿದರು. ಆದರೂ ಕನ್ನಡದ ನಂಟು ಬಿಡಲಿಲ್ಲ, ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಂದರು. 1881ರಲ್ಲಿ ಎಸ್ಲಿಂಗನ್ ಪಟ್ಟಣದಲ್ಲಿ ತೀರಿಕೊಂಡರು.

ಪರಊರಿನ ಮೇಷ್ಟ್ರು ಒಂದು ಊರಲ್ಲಿ ನೆಲೆ ನಿಂತರೋ ಇಲ್ಲವೋ ಅಂತ ಅಳೆಯುವುದು ಎಷ್ಟು ವರ್ಷ ಸಂಬಳ ಎಣಿಸಿದರು ಎಂಬುದರಿಂದಲ್ಲ. ಆ ಊರಿನ ಮಾತು ಎಷ್ಟು ಕಲಿತರು, ಹೋಗುವಾಗ ಅಲ್ಲಿ ಏನು ಬಿಟ್ಟು ಹೋದರು ಎಂಬುದರಿಂದ. ಮಗನನ್ನು ಹಾಸ್ಟೆಲಿಗೆ ಬಿಡಲು ಹೋದವರು ಊಟದ ಸಂಗಡ ಇದನ್ನೂ ವಿಚಾರಿಸಿಕೊಂಡು ಬಂದರೆ ಒಳ್ಳೆಯದು.