ನಿಸರ್ಗೋಪಾಸಕ ಸೆಶ್ಶೂ

ಜಪಾನಿನ ನಿಸರ್ಗಚಿತ್ರಕಾರರಲ್ಲಿ ಅಗ್ರಗಣ್ಯನಾದ ಸೆಶ್ಶೂ 1420ರಲ್ಲಿ ಬಿಚ್ಚೂ ಎಂಬ ಪ್ರಾಂತದಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ಅವನು ಝೆನ್ ಪಂಥದ ಬೌದ್ಧ ಮಠವೊಂದನ್ನು ಸೇರಿದನು. ‘ಧ್ಯಾನ’ ಎಂಬ ನಮ್ಮ ಪದವೇ ಚೀನಾದ ಮೂಲಕ ಜಪಾನನ್ನು ತಲುಪಿ ‘ಝೆನ್’ ಎಂದಾಯಿತು. ಬಾಲಕನಿಗೆ ಪಾಠಕ್ಕಿಂತ ಚಿತ್ರದಲ್ಲಿಯೇ ಹೆಚ್ಚು ಒಲವು. ಒಮ್ಮೆ ಗುರುಗಳು ಕೋಪದಿಂದ ಅವನನ್ನು ಕಂಬಕ್ಕೆ ಕಟ್ಟಿಸಿದರಂತೆ. ಅವನು ನೆಲದ ಮೇಲೆ ಬಿದ್ದ ತನ್ನ ಕಣ್ಣೀರಿನಲ್ಲಿ ಕಾಲ್ಬೆರಳನ್ನು ಅದ್ದಿ ಇಲಿಯೊಂದನ್ನು ಬರೆದನಂತೆ. ಈ ಐತಿಹ್ಯವನ್ನು ಜಪಾನಿನ ಮಕ್ಕಳೆಲ್ಲರೂ ಬಲ್ಲರು.

ಮುಂದೆ ಅವನು ರಾಜಧಾನಿಯಾದ ಕ್ಯೋತೋ ನಗರದ ಶೋಕೊಕುಜಿ ಮಠದಲ್ಲಿ ಭಿಕ್ಷುವಾಗಿದ್ದನು. ಅಲ್ಲಿ ಶೂಬುನ್ ಎಂಬ ಹಿರಿಯ ಕಲಾವಿದನ ಮಸಿಚಿತ್ರಗಳು ಅವನಿಗೆ ಮಾರ್ಗದರ್ಶಕವಾದವು. ಆ ಕಾಲದ ಕಲಾವಿದರಲ್ಲಿ ಹಲವರು ಚೀನಾದ ಬೆಟ್ಟಗಳನ್ನು ಕಾಣದೆಯೇ, ಅಲ್ಲಿಂದ ಬಂದ ಚಿತ್ರಗಳನ್ನು ನೋಡಿ ಬರೆಯುತ್ತಿದ್ದರು. ಸೆಶ್ಶೂವಿಗೆ ಅದರಿಂದ ತೃಪ್ತಿಯಾಗಲಿಲ್ಲ. ಅವನು ರಾಜಧಾನಿಯನ್ನು ತೊರೆದು ಪಶ್ಚಿಮದ ಯಾಮಾಗುಚಿಗೆ ಹೋಗಿ, ಅಲ್ಲಿನ ಸಾಮಂತ ಮನೆತನದ ಆಶ್ರಯ ಪಡೆದನು. 1467ರಲ್ಲಿ ಹಡಗನ್ನೇರಿ ಚೀನಾಕ್ಕೆ ತೆರಳಿದನು. ನಿಂಗ್‌ಬೋ ಬಂದರಿನಿಂದ ಬೀಜಿಂಗ್‌ವರೆಗೆ ಸಂಚರಿಸಿ, ಬೆಟ್ಟಗಳನ್ನೂ ನದಿಗಳನ್ನೂ ಕಣ್ಣಾರೆ ಕಂಡನು. ಅವೇ ಅವನಿಗೆ ಗುರುಗಳಾದವು.

1469ರಲ್ಲಿ ಅವನು ಹಿಂದಿರುಗಿದಾಗ ಕ್ಯೋತೋ ಅಂತರ್ಯುದ್ಧದ ದಳ್ಳುರಿಯಲ್ಲಿ ಬೇಯುತ್ತಿತ್ತು. 1467ರಲ್ಲಿ ಆರಂಭವಾದ ಆ ಯುದ್ಧ 1477ರವರೆಗೂ ನಡೆಯಿತು. ಅವನು ಬಾಳಿದ ಮಠವೂ ಬೂದಿಯಾಗಿತ್ತು. ಸೆಶ್ಶೂ ಮತ್ತೆ ರಾಜಧಾನಿಯಲ್ಲಿ ನೆಲೆಸಲಿಲ್ಲ. ದೂರದ ಪ್ರಾಂತಗಳ ಏಕಾಂತವೇ ಅವನಿಗೆ ಪ್ರಿಯವಾಯಿತು. ಅಲ್ಲಿಯೇ 1486ರಲ್ಲಿ, ಸುಮಾರು 16 ಮೀಟರು ಉದ್ದದ ಕಾಗದದ ಸುರುಳಿಯ ಮೇಲೆ ವಸಂತದಿಂದ ಶಿಶಿರದವರೆಗಿನ ಋತುಚಕ್ರವನ್ನು ಚಿತ್ರಿಸಿದನು. ಅದರಲ್ಲಿ ಕಡಿದಾದ ಬಂಡೆಗಳ ನಡುವಿನ ದಾರಿಯಲ್ಲಿ ಪಯಣಿಗರು ಇರುವೆಗಳಂತೆ ಸಾಗುತ್ತಾರೆ. ಮನುಷ್ಯನು ಅಲ್ಲಿ ಅಲ್ಪನು, ಆದರೆ ಅನಾಥನಲ್ಲ. ದಾರಿಯ ಮುಂದೆ ಹಳ್ಳಿಯಿದೆ, ಜನರಿದ್ದಾರೆ. ಕುಂಚ ಮುಟ್ಟದೆ ಬಿಟ್ಟ ಜಾಗವೇ ಮಂಜಾಗಿ, ನೀರಾಗಿ ನೋಡುವವರ ಮನಸ್ಸನ್ನು ತುಂಬುತ್ತದೆ.

1495ರಲ್ಲಿ ಸೋಯೆನ್ ಎಂಬ ಶಿಷ್ಯನು ಊರಿಗೆ ಹೊರಟಾಗ ಸೆಶ್ಶೂ ಅವನಿಗೊಂದು ಚಿತ್ರವನ್ನು ಕೊಟ್ಟನು. ಕೆಲವೇ ಬೀಸುಗಳಲ್ಲಿ ಬೆಟ್ಟ, ಮರ, ನೀರಿನಲ್ಲೊಂದು ದೋಣಿ ಅದರಲ್ಲಿ ಮೂಡಿದ್ದವು. ಚಿತ್ರದ ಮೇಲೆ ತನ್ನ ಚೀನಾ ಪ್ರವಾಸವನ್ನು ನೆನೆದು, ತನ್ನ ನಾಡಿನ ಹಿರಿಯರಾದ ಜೋಸೆತ್ಸು, ಶೂಬುನ್ ಅವರ ಹಿರಿಮೆಯನ್ನು ವಿನಯದಿಂದ ಬರೆದನು. ಎಂಬತ್ತು ದಾಟಿದ ಮೇಲೂ ಅಮಾನೊಹಶಿದಾತೆಯ ಕಡಲತೀರಕ್ಕೆ ಹೋಗಿ, ಪೈನ್ ಮರಗಳು ಬೆಳೆದ ಅಲ್ಲಿನ ಮರಳುದಿಣ್ಣೆಯನ್ನು ಚಿತ್ರಿಸಿದನು.

ಸೆಶ್ಶೂ 1506ರಲ್ಲಿ ನಿಧನ ಹೊಂದಿದನೆಂದು ಸಾಮಾನ್ಯವಾಗಿ ನಂಬಲಾಗಿದೆ. ಅವನ ಆರು ಕೃತಿಗಳು ಇಂದು ಜಪಾನಿನ ರಾಷ್ಟ್ರೀಯ ನಿಧಿಗಳಾಗಿವೆ. ಯುದ್ಧ ಮಾಡಿದ ಸಾಮಂತರ ಕೋಟೆಗಳು ಅಳಿದುಹೋದವು. ಏಕಾಂತದಲ್ಲಿ ಅವನು ಮಸಿಯಿಂದ ಬರೆದ ಬೆಟ್ಟಗಳು ಉಳಿದಿವೆ.